ಹುಳದ ಮನೆಯಲ್ಲಿ ಸೀಗಡಿ ಮಾತು

15 ಡಿಸೆಂಬರ್ 2024, ಭಾನುವಾರ
ಶಿಡ್ಲಘಟ್ಟ ತಾಲ್ಲೂಕು, ನಮ್ಮೂರು

ಸೀಗಡಿ ರೋಗದ ಕೆಲಸ ಮಾಡುವ ಲ್ಯಾಬಿಂದ ರಜೆ ಹಾಕಿ ನಿನ್ನೆ ಬೆಳಗ್ಗೆ ಮಂಗಳೂರಿಂದ ಮನೆಗೆ ಬಂದೆ. ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಮೂರು ದಿನ ಆಗಿದೆ. ಎಷ್ಟು ಸೊಪ್ಪು ಹಾಕಿದರೂ ಸಾಲದು.

ಇವತ್ತು ಸೊಪ್ಪು ಹಾಕುವಾಗ ಅಮ್ಮ ಒಂದು ಹುಳ ಎತ್ತಿ ಅಂಗೈಯಲ್ಲಿಟ್ಟು ನೋಡಿದರು. ಮೈ ಮೆತ್ತಗಾಗಿತ್ತು. "ಸಪ್ಪೆ ರೋಗ ಇರಬೇಕು" ಅಂದವರೇ ಸುಣ್ಣದ ಡಬ್ಬಿಗೆ ಹಾಕಿದರು. ಆಮೇಲೆ ಕೇಳಿದರು, "ನಿನ್ನ ಸೀಗಡಿಗೂ ಹಿಂಗೇ ಆಗುತ್ತಾ ಅಮ್ಮಣ್ಣಿ?"

ಆಗುತ್ತದೆ. ಸೀಗಡಿ ಮರಿ ಮಾಡುವ ಹ್ಯಾಚರಿಗೆ ವಿಬ್ರಿಯೋ ಹಾರ್ವೆಯಿ ಅನ್ನೋ ಬ್ಯಾಕ್ಟೀರಿಯಾ ಹೊಕ್ಕರೆ ಕೆಲವೇ ದಿನದಲ್ಲಿ ತೊಟ್ಟಿ ಖಾಲಿ. ಅದು ಕತ್ತಲಲ್ಲಿ ಮಿನುಗುವ ಬ್ಯಾಕ್ಟೀರಿಯಾ. ರಾತ್ರಿ ಲೈಟ್ ಆರಿಸಿದರೆ ರೋಗ ಹತ್ತಿದ ಮರಿಗಳು ನೀರಲ್ಲಿ ಹಸಿರು ನೀಲಿಯಾಗಿ ಹೊಳೆಯುತ್ತವೆ. ಮೊದಲ ಸಲ ನೋಡಿದಾಗ ನನಗೆ ಚೆಂದ ಅನ್ನಿಸಿತ್ತು. ಪಕ್ಕದಲ್ಲಿದ್ದ ಕೆಲಸದವರ ಮುಖ ನೋಡಿದ ಮೇಲೆ ಎದೆ ಧಸಕ್ ಅಂತು.

ಮೊದಲೆಲ್ಲ ಆಂಟಿಬಯೋಟಿಕ್ ಸುರಿಯುತ್ತಿದ್ದರು. ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಂಡವು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಈಗ ಸೀಗಡಿ ಸಾಕಣೆಯಲ್ಲಿ ನಿಷೇಧ.

ನಾವು ಹಾಕುವುದು ಫೇಜ್. ಬ್ಯಾಕ್ಟೀರಿಯಾದೊಳಗೆ ನುಗ್ಗಿ, ಅಲ್ಲೇ ಮರಿ ಮಾಡಿ, ಅದನ್ನು ಒಡೆದು ಹೊರಗೆ ಬರುವ ವೈರಸ್. ಇಷ್ಟು ಹೇಳಿದ್ದಕ್ಕೆ ಅಮ್ಮನ ಕೈ ನಿಂತೇ ಹೋಯಿತು. "ರೋಗಕ್ಕೆ ವೈರಸ್ ಹಾಕ್ತೀರಾ?" ರೇಷ್ಮೆ ಹುಳದ ಹಾಲು ರೋಗ ವೈರಸ್ಸಿಂದ ಬರುತ್ತದೆ ಅಂತ ಅವರಿಗೆ ಗೊತ್ತು. ಎರಡು ಬೆಳೆ ಅದರಲ್ಲೇ ಕಳೆದುಕೊಂಡವರು.

"ಈ ಹುಳ ಹಿಪ್ಪುನೇರಳೆ ಬಿಟ್ಟು ಹುಣಸೆ ಸೊಪ್ಪು ತಿನ್ನುತ್ತಾ ಅಮ್ಮ?"

"ಸತ್ತರೂ ಮುಟ್ಟಲ್ಲ."

"ಫೇಜೂ ಹಾಗೇ. ತನ್ನ ಬ್ಯಾಕ್ಟೀರಿಯಾ ಬಿಟ್ಟು ಬೇರೆ ಮುಟ್ಟಲ್ಲ. ಸೀಗಡಿಗೂ ಏನೂ ಆಗಲ್ಲ, ತಿನ್ನೋರಿಗೂ ಆಗಲ್ಲ."

ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಫೋಟೋ ಫೋನಲ್ಲಿ ತೋರಿಸಿದೆ. ಗಂಜಿ ತೆಳುವಾಗಿ ಬಳಿದ ಹಾಗೆ ಬ್ಯಾಕ್ಟೀರಿಯಾ ತಟ್ಟೆ ತುಂಬ ಬೆಳೆದಿದೆ. ಫೇಜ್ ತಿಂದ ಕಡೆ ಮಾತ್ರ ತಿಳಿಯಾದ ಚುಕ್ಕಿಗಳು. ಅಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಚಾಕಿ ಹುಳ ತಿಂದ ಎಲೆ ಇದ್ದಂಗಿದೆ" ಅಂದರು. ಚಾಕಿ ಅಂದರೆ ಎಳೆಯ ಹುಳ. ಇಷ್ಟು ವರ್ಷದಲ್ಲಿ ಇದಕ್ಕಿಂತ ಸರಿಯಾದ ಮಾತು ನನಗೆ ಹೊಳೆದಿರಲಿಲ್ಲ.

ಇದೇನು ಹೊಸದಲ್ಲ. ವಿಜ್ಞಾನಿ ಫೆಲಿಕ್ಸ್ ದ'ಹೆರೆಲ್ ಇದಕ್ಕೆ ಹೆಸರಿಟ್ಟಿದ್ದು 1917ರಲ್ಲಿ. ನಮ್ಮ ಮಂಗಳೂರಿನ ಮೀನುಗಾರಿಕೆ ಕಾಲೇಜಲ್ಲೇ ಇಂದ್ರಾಣಿ ಕರುಣಾಸಾಗರ್ ಅವರ ತಂಡ ಹ್ಯಾಚರಿಯಲ್ಲಿ ಹಾಕಿ ನೋಡಿ 2007ರಲ್ಲಿ ಬರೆದಿತ್ತು. ಆಂಟಿಬಯೋಟಿಕ್ ಹಾಕಿದ ತೊಟ್ಟಿಗಿಂತ ಫೇಜ್ ಹಾಕಿದ ತೊಟ್ಟಿಯಲ್ಲೇ ಜಾಸ್ತಿ ಮರಿ ಉಳಿದಿದ್ದವು.

ಆದರೆ ತನ್ನ ಬ್ಯಾಕ್ಟೀರಿಯಾ ಬಿಟ್ಟು ಬೇರೆ ಮುಟ್ಟಲ್ಲ ಅನ್ನೋ ಫೇಜಿನ ಹಟವೇ ಕಷ್ಟದ್ದು. ಹೋದ ವರ್ಷ ಒಂದು ಹ್ಯಾಚರಿಗೆ ಬೇರೆ ಊರಿನ ನೀರಿಂದ ತೆಗೆದ ಫೇಜ್ ಹಾಕಿದ್ದೆವು. ಆ ತೊಟ್ಟಿಯ ವಿಬ್ರಿಯೋಗೆ ಹೊಂದುತ್ತದಾ ಅಂತ ಮೊದಲೇ ತಟ್ಟೆಯಲ್ಲಿ ನೋಡಲಿಲ್ಲ. ಆತುರ ಮಾಡಿದೆವು. ಮೂರನೇ ದಿನ ತೊಟ್ಟಿಯ ತಳದಲ್ಲಿ ಸತ್ತ ಮರಿ ಬೆಳ್ಳಗೆ ಕೂತಿದ್ದವು. ಆ ನೆನಪು ಇನ್ನೂ ನೋಯುತ್ತದೆ. ಈಗ ಅದೇ ಹ್ಯಾಚರಿಯ ನೀರು ತಂದು, ಅದೇ ಬ್ಯಾಕ್ಟೀರಿಯಾ ಬೆಳೆಸಿ, ಅದನ್ನು ಕೊಲ್ಲುವ ಫೇಜ್ ಹುಡುಕುತ್ತೇವೆ. ಒಂದೇ ಹಾಕಿದರೆ ಬ್ಯಾಕ್ಟೀರಿಯಾ ಅದಕ್ಕೂ ಒಗ್ಗಿಕೊಳ್ಳುತ್ತದೆ, ಹಾಗಾಗಿ ಮೂರು ನಾಲ್ಕು ಸೇರಿಸುತ್ತೇವೆ. ಕೆಲವು ಫೇಜ್ ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅದರೊಳಗೇ ಸುಮ್ನೆ ಕೂತು ಅದನ್ನು ಇನ್ನೂ ಕೆಟ್ಟ ಬ್ಯಾಕ್ಟೀರಿಯಾ ಮಾಡಬಹುದು. ಅಂಥವನ್ನು ಮೊದಲೇ ಆರಿಸಿ ತೆಗೆಯಬೇಕು. ಅಕ್ಕಿಯಲ್ಲಿ ಕಲ್ಲು ಆರಿಸೋ ಕೆಲಸ.

ಸಂಜೆ ಸೊಪ್ಪಿನ ಹೊತ್ತಿಗೆ ಇನ್ನೂ ಎರಡು ಸಪ್ಪೆ ಹುಳ ಸಿಕ್ಕವು. ಅಮ್ಮ ಅವನ್ನು ಸುಣ್ಣಕ್ಕೆ ಹಾಕಲಿಲ್ಲ. ತೊಳೆದು ಒಣಗಿಸಿದ ಉಪ್ಪಿನಕಾಯಿ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಳ ಮುಚ್ಚಿ ನನ್ನ ಬ್ಯಾಗಿನ ಪಕ್ಕ ಇಟ್ಟರು. ನಮ್ಮ ಲ್ಯಾಬಲ್ಲಿ ರೇಷ್ಮೆ ಹುಳದ ಕೆಲಸ ಮಾಡಲ್ಲ. ನಾಳೆ ಬೆಂಗಳೂರು ದಾಟುವಾಗ ತಲಘಟ್ಟಪುರದ ರೇಷ್ಮೆ ಸಂಶೋಧನಾ ಸಂಸ್ಥೆಗೆ ಹೋಗಿ ಕೇಳುತ್ತೇನೆ.