ಬೀಳುವ ಮುನ್ನವೇ ಕಂಡ ಕಲ್ಲು

2008 ಟಿಸಿ3 ಎಂಬ ಪುಟ್ಟ ಕ್ಷುದ್ರಗ್ರಹದ ಕುರಿತು ಇಂದು ಮತ್ತೆ ಓದಿದೆ. 2008ರ ಅಕ್ಟೋಬರ್ 6ರಂದು ಅಮೆರಿಕದ ಅರಿಜೋನಾದಲ್ಲಿ ರಿಚರ್ಡ್ ಕೊವಾಲ್‌ಸ್ಕಿ ಅದನ್ನು ಗುರುತಿಸಿದಾಗ, ಸುಮಾರು 4 ಮೀಟರ್ ಅಗಲದ ಆ ಕಲ್ಲು ಭೂಮಿಯ ವಾತಾವರಣವನ್ನು ಹೊಗಲು ಸುಮಾರು 20 ಗಂಟೆಯಷ್ಟೇ ಉಳಿದಿತ್ತು. ಚಲಿಸುವ ಚುಕ್ಕೆಯ ಸ್ಥಾನವನ್ನು ಒಂದೆರಡು ಬಾರಿ ಅಳೆದರೆ ಕಕ್ಷೆ ಖಚಿತವಾಗುವುದಿಲ್ಲ. ಒಬ್ಬರನ್ನೊಬ್ಬರು ಕಂಡೇ ಇರದ ಎಷ್ಟೋ ವೀಕ್ಷಕರು, ಅವರಲ್ಲಿ ಹವ್ಯಾಸಿಗಳೂ ಸೇರಿ, ನೂರಾರು ಅಳತೆಗಳನ್ನು ಕಳುಹಿಸುತ್ತಾ ಹೋದಂತೆ ಲೆಕ್ಕದ ಅನಿಶ್ಚಿತತೆ ಕುಗ್ಗಿ, ಅದು ಬೀಳುವುದು ಸುಡಾನಿನ ನುಬಿಯನ್ ಮರುಭೂಮಿಯಲ್ಲಿ ಎಂಬುದು ಸ್ಪಷ್ಟವಾಯಿತು. ಆ ಒಂದು ರಾತ್ರಿಯ ಸಹಕಾರವನ್ನು ನೆನೆದಾಗಲೆಲ್ಲ ಮನುಷ್ಯರ ಮೇಲಿನ ನನ್ನ ಗೌರವ ಹೆಚ್ಚುತ್ತದೆ. ಬಳಿಕ ಖಾರ್ತೂಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮರಳಿನಲ್ಲಿ ಸಾಲಾಗಿ ನಡೆದು ಅದರ ಚೂರುಗಳನ್ನು ಹುಡುಕಿದರು. ಬಾಹ್ಯಾಕಾಶದಲ್ಲಿ ಮೊದಲೇ ಕಂಡಿದ್ದ ಕ್ಷುದ್ರಗ್ರಹವೊಂದರ ತುಣುಕುಗಳು ನೆಲದ ಮೇಲೆ ದೊರೆತದ್ದು ಅದೇ ಮೊದಲು.