ಅಲ್ಲಿ ದಿನವಿಡೀ ಎಂತ ಮಾಡುವುದು?

ಮಂಗಳೂರಿನ ಕಡೆಯ ನಮ್ಮ ಊರಿಗೆ ಬಂದಾಗಲೆಲ್ಲ ಇದೇ ಪ್ರಶ್ನೆ. ಮದುವೆ ಊಟದ ಸಾಲಿನಲ್ಲಿ, ಮೀನಿನ ಮಾರ್ಕೆಟ್ಟಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ. "ನೀವಿಬ್ಬರೂ ಅಂಡಮಾನಿನಲ್ಲಿ ಮಿಷನರಿಗಳಂತೆ ಅಲ್ವಾ? ಅಲ್ಲಿ ದಿನವಿಡೀ ಎಂತ ಮಾಡುವುದು ಮಾರಾಯ್ರೆ?"

ಉತ್ತರ ಏನಿರಬೇಕು ಅಂತ ಕೇಳುವವರು ಮೊದಲೇ ತೀರ್ಮಾನ ಮಾಡಿಕೊಂಡಿರುತ್ತಾರೆ. ಒಂದೋ ನಾವು ಕಾಡಿನೊಳಗೆ ಹುಲಿಯ ಮುಂದೆ ಬೈಬಲ್ ಹಿಡಿದು ನಿಂತಿರಬೇಕು, ಇಲ್ಲವೇ ಸಮುದ್ರದ ದಂಡೆಯಲ್ಲಿ ಕಾಲು ಚಾಚಿ ಬೊಂಡ ಕುಡಿಯುತ್ತಿರಬೇಕು. ಅಂಡಮಾನಿನಲ್ಲಿ ಹುಲಿ ಇಲ್ಲ. ಮೊಸಳೆ ಇದೆ, ಹಾಗಾಗಿ ಕಾಲು ಚಾಚುವುದಕ್ಕೂ ಜಾಗ ನೋಡಿಯೇ ಚಾಚಬೇಕು.

ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಬರೆದು ಇಟ್ಟುಬಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಫಾರ್ವರ್ಡ್ ಮಾಡುವುದು.

ನಾವಿರುವುದು ಬಾರಾಟಾಂಗ್ ದ್ವೀಪದಲ್ಲಿ. ಈಗ ಶ್ರೀ ವಿಜಯಪುರಂ ಅನ್ನುವ, ನಾವೆಲ್ಲ ಇನ್ನೂ ಪೋರ್ಟ್ ಬ್ಲೇರ್ ಅಂತಲೇ ಕರೆಯುವ ಊರಿನಿಂದ ರಸ್ತೆಯ ಲೆಕ್ಕದಲ್ಲಿ ಸುಮಾರು 100 ಕಿಲೋಮೀಟರ್ ಉತ್ತರಕ್ಕೆ. ಇವರು, ಅಂದರೆ ನನ್ನ ಯಜಮಾನರು, ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿದ್ದವರು, ನಾನು ನರ್ಸ್ ಆಗಿದ್ದವಳು. ಇಬ್ಬರೂ ನಿವೃತ್ತಿಯಾದ ಮೇಲೆ ಹೊರಟೆವು. ಇವರು ಪಾದ್ರಿ ಅಲ್ಲ. ಅಲ್ಲೊಂದು ಸಣ್ಣ ಸಭೆ ಇದೆ, ಪಾದ್ರಿ ಬೇರೆ ಕಡೆಯಿಂದ ಬಂದು ಹೋಗುತ್ತಾರೆ. ಉಳಿದ ದಿನಗಳಲ್ಲಿ ದೀಪ ಹಚ್ಚಿಟ್ಟುಕೊಳ್ಳಲು ಯಾರಾದರೂ ಬೇಕಿತ್ತು, ನಾವು ಸಿಕ್ಕೆವು.

ದಿನ ಶುರುವಾಗುವುದು ಬೆಳಗ್ಗೆ ನಾಲ್ಕೂವರೆಗೆ. ಭಕ್ತಿ ಜಾಸ್ತಿ ಅಂತಲ್ಲ, ಬೆಳಕಾಗುತ್ತದೆ ಅಂತ. ಮಂಗಳೂರಿಗೂ ಅಲ್ಲಿಗೂ ಸೂರ್ಯನ ಲೆಕ್ಕದಲ್ಲಿ ಒಂದು ಗಂಟೆಗಿಂತ ಜಾಸ್ತಿ ವ್ಯತ್ಯಾಸ, ಗಡಿಯಾರ ಮಾತ್ರ ಒಂದೇ. ಜೂನ್ ತಿಂಗಳಲ್ಲಿ ಐದು ಗಂಟೆಗೆಲ್ಲ ಬಿಸಿಲು ಕಿಟಕಿಯಲ್ಲಿರುತ್ತದೆ. ಡಿಸೆಂಬರಿನಲ್ಲಿ ಸಂಜೆ ಐದೂಕಾಲಿಗೆ ಕತ್ತಲೆ. ಎಂಟು ಗಂಟೆಗೆ ಇಡೀ ಊರು ಮಲಗಿರುತ್ತದೆ. ಒಂಬತ್ತೂವರೆಗೆ ನನ್ನ ತಂಗಿ ಕಂಕನಾಡಿಯಿಂದ ಫೋನ್ ಮಾಡಿ, "ಊಟ ಆಯ್ತಾ ಅಕ್ಕ?" ಅಂತ ಕೇಳುತ್ತಾಳೆ. ಅವಳಿಗೆ ಎಷ್ಟು ಸಲ ಹೇಳಿದರೂ ಅಷ್ಟೇ.

ಎದ್ದ ಕೂಡಲೇ ನೀರು. ಕರಾವಳಿಯವರಿಗೆ ಇದನ್ನು ನಂಬಿಸುವುದು ಕಷ್ಟ. ಅಂಡಮಾನಿನಲ್ಲಿ ಮುಂಗಾರು, ಹಿಂಗಾರು ಎರಡೂ ಸುರಿಯುತ್ತವೆ, ವರ್ಷಕ್ಕೆ ಸುಮಾರು 3000 ಮಿಲಿಮೀಟರ್. ಆದರೆ ಫೆಬ್ರವರಿ ಬಂತೆಂದರೆ ಡ್ರಮ್ಮುಗಳನ್ನು ಸಾಲಾಗಿ ಇಟ್ಟು ಕಾಯುವುದೇ. ದೊಡ್ಡ ನದಿ ಇಲ್ಲ, ಬಿದ್ದ ನೀರೆಲ್ಲ ಹರಿದು ಸಮುದ್ರಕ್ಕೆ. ನಮ್ಮ ಮನೆಯ ತಗಡಿನ ಮಾಡಿಗೆ ಇವರು ಪೈಪು ಕಟ್ಟಿ ಮಳೆನೀರು ಹಿಡಿಯುತ್ತಾರೆ. ಅದರ ಬಗ್ಗೆ ಕೇಳಿದರೆ ಅರ್ಧ ಗಂಟೆ ವಿವರಿಸುತ್ತಾರೆ. ದಯವಿಟ್ಟು ಕೇಳಬೇಡಿ.

ಆಮೇಲೆ ಕಾನ್ವಾಯ್. ಪೋರ್ಟ್ ಬ್ಲೇರಿನಿಂದ ಬರುವ ರಸ್ತೆ ಜಾರವಾ ಬುಡಕಟ್ಟಿನ ಜನರ ಮೀಸಲು ಕಾಡಿನೊಳಗೆ ಹಾದು ಬರುತ್ತದೆ. ಜಿರ್ಕಾಟಾಂಗ್ ಗೇಟಿನಲ್ಲಿ ಗಾಡಿಗಳನ್ನೆಲ್ಲ ನಿಲ್ಲಿಸಿ, ಗೊತ್ತುಮಾಡಿದ ಹೊತ್ತಿಗೆ ಪೊಲೀಸರ ಜೊತೆ ಒಟ್ಟಿಗೆ ಬಿಡುತ್ತಾರೆ. ನಡುವೆ ನಿಲ್ಲಿಸುವ ಹಾಗಿಲ್ಲ, ಇಳಿಯುವ ಹಾಗಿಲ್ಲ, ಫೋಟೋ ತೆಗೆಯುವ ಹಾಗಿಲ್ಲ. ಮಿಡಲ್ ಸ್ಟ್ರೇಟಿನಲ್ಲಿ ಫೆರಿ ಹತ್ತಿ ಈಚೆ ದಡಕ್ಕೆ ಬಂದರೆ ನಮ್ಮ ಬಜಾರು. ಬೆಳಗಿನ ಕಾನ್ವಾಯಿನಲ್ಲಿ ಪ್ರವಾಸಿಗಳು ಬರುತ್ತಾರೆ, ಪೂರಿ ತಿನ್ನುತ್ತಾರೆ, ಕಾಂಡ್ಲಾ ಗಿಡಗಳ ನಡುವೆ ಬೋಟಿನಲ್ಲಿ ಸುಣ್ಣಕಲ್ಲಿನ ಗುಹೆ ನೋಡಿ, ಕೆಸರು ಗುಳುಗುಳು ಅನ್ನುವ ಮಣ್ಣಿನ ಜ್ವಾಲಾಮುಖಿ ನೋಡಿ, "ಇಷ್ಟೇನಾ?" ಅಂತ ಹೇಳಿ ವಾಪಸ್ ಹೋಗುತ್ತಾರೆ. ಕೊನೆಯ ಕಾನ್ವಾಯ್ ಹೋದ ಮೇಲೆ ಊರು ಊರಿನವರಿಗೆ.

ಮಂಗಳೂರಿನ ಕಡೆಯವರ ಮುಂದಿನ ಪ್ರಶ್ನೆ ಇಲ್ಲೇ ಹುಟ್ಟುತ್ತದೆ: "ಜಾರವಾ ಕಂಡ್ರಾ? ಫೋಟೋ ಇದೆಯಾ?" ಇಲ್ಲ. ತೆಗೆದರೆ ಜೈಲು, ಮತ್ತು ತೆಗೆಯಬಾರದು. ನಿಮ್ಮ ಮನೆ ಅಂಗಳದಲ್ಲಿ ದಿನಾ ಹತ್ತಾರು ಟ್ಯಾಕ್ಸಿ ನಿಲ್ಲಿಸಿ ಯಾರಾದರೂ ನಿಮ್ಮ ಮೊಮ್ಮಕ್ಕಳ ಫೋಟೋ ತೆಗೆದರೆ ಹೇಗಿರುತ್ತದೆ?

ಒಂದು ಬೆಳೆ ಹಬ್ಬ ನೆನಪಾಗುತ್ತದೆ. ನಮ್ಮ ಊರಿನ ಚರ್ಚಿನ ಅಂಗಳ. ಆರಾಧನೆ ಮುಗಿದು ಏಲಂ ನಡೆಯುತ್ತಿತ್ತು. ಒಂದು ಕುಂಬಳಕಾಯಿಗೆ ಇಬ್ಬರು ಹಟಕ್ಕೆ ಬಿದ್ದು ಬೆಲೆ ಏರಿಸುತ್ತಿದ್ದರು. ಮೈಕ್ ಹಿಡಿದವರು ನನ್ನನ್ನು ಕಂಡದ್ದೇ ಕುಂಬಳಕಾಯಿ ಬದಿಗಿಟ್ಟರು. "ನಮ್ಮ ಮಿಷನರಿ ಅಮ್ಮ ಬಂದಿದ್ದಾರೆ. ಎರಡು ಮಾತು ಹೇಳಬೇಕು. ಅಮ್ಮ, ಆ ಬಾಣ ಬಿಡುವವರ ಹತ್ತಿರ ನೀವು ಎಂತ ಮಾಡುವುದು? ಇದುವರೆಗೆ ಎಷ್ಟು ಆತ್ಮಗಳಾಯಿತು?"

ಎಷ್ಟು ಆತ್ಮಗಳಾಯಿತು! ಕೈಯಲ್ಲಿದ್ದ ಬಸಳೆ ಕಟ್ಟು ಅಲ್ಲೇ ಬಿಟ್ಟು ಬರೋಣ ಅನ್ನಿಸಿತು.

ಮೈಕಿನಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ. ಬಾಣ ಬಿಟ್ಟವರು ಉತ್ತರ ಸೆಂಟಿನೆಲ್ ದ್ವೀಪದವರು. ಅದು ನಮ್ಮಿಂದ ಹತ್ತಿರ ಹತ್ತಿರ 90 ಕಿಲೋಮೀಟರ್ ದೂರ, ನಡುವೆ ಸಮುದ್ರ. 2018ರ ನವೆಂಬರಿನಲ್ಲಿ ಜಾನ್ ಆಲೆನ್ ಚೌ ಅನ್ನುವ ಅಮೆರಿಕದ ಹುಡುಗ ಸುವಾರ್ತೆ ಸಾರುತ್ತೇನೆ ಅಂತ ಮೀನುಗಾರರಿಗೆ ದುಡ್ಡು ಕೊಟ್ಟು ಅಲ್ಲಿಗೆ ಹೋಗಿ ಸತ್ತ. ಅಲ್ಲಿಗೆ ಹೋಗಲೇಬಾರದು ಅಂತ ಕಾನೂನಿದೆ, 1956ರಿಂದಲೂ ಇದೆ. ನಮ್ಮವರಲ್ಲೇ ಕೆಲವರು ಅವನನ್ನು ಹುತಾತ್ಮ ಅನ್ನುತ್ತಾರೆ. ನಾನು ನರ್ಸ್ ಆಗಿದ್ದವಳು, ನನಗೆ ಮೊದಲು ಕಾಣುವುದು ಅವನ ಮೂಗಿನ ನೆಗಡಿ. ಹೊರಗಿನ ರೋಗಕ್ಕೆ ತಡೆಯುವ ಶಕ್ತಿಯೇ ಇಲ್ಲದ ಜನರ ಹತ್ತಿರ ಹೋಗುವುದು ಸುವಾರ್ತೆ ಅಲ್ಲ. ಅವನ ಅಪ್ಪ ಅಮ್ಮನ ಬಗ್ಗೆ ಮರುಕ ಇದೆ, ಅಷ್ಟೇ.

ಇನ್ನು ಆತ್ಮಗಳ ಲೆಕ್ಕ. ನಮ್ಮ ಸಭೆಯವರೆಲ್ಲ ರಾಂಚಿಯವರು. ಅಂಡಮಾನಿನಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುವುದು. ಒರಾಂವ್, ಮುಂಡಾ, ಖರಿಯಾ ಜನ. ಅವರ ಹಿರಿಯರನ್ನು ಈಗಿನ ಜಾರ್ಖಂಡಿನ ಛೋಟಾನಾಗಪುರದಿಂದ 1918ರ ನಂತರ ಕಾಡು ಕಡಿಯಲು ಹಡಗಿನಲ್ಲಿ ತಂದರು. ಅವರು ಬರುವಾಗಲೇ ಕ್ರೈಸ್ತರಾಗಿದ್ದರು. ಜರ್ಮನಿಯ ಗಾಸ್ನರ್ ಮಿಷನಿನವರು ರಾಂಚಿಗೆ ಬಂದದ್ದು 1845ರಲ್ಲಿ. ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅಂದರೆ ನನ್ನ ಮುತ್ತಜ್ಜನಿಗೂ ಅವರ ಮುತ್ತಜ್ಜನಿಗೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಜರ್ಮನ್ ಪಾದ್ರಿಗಳು ಹಾಡು ಕಲಿಸಿದ್ದಾರೆ. ಈಗ ನಾನು ಹೋಗಿ ಅವರನ್ನು ಯಾವುದಕ್ಕೆ ಮತಾಂತರ ಮಾಡಲಿ? ಹಾಡುವಾಗ ಅವರೇ ನನ್ನ ಹಿಂದಿ ತಿದ್ದುತ್ತಾರೆ. ನನ್ನ ರಾಗವನ್ನೂ ತಿದ್ದುತ್ತಾರೆ, ಅದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ತೊಂದರೆ ಎಂತ ಅಂದರೆ, ಮಂಗಳೂರಿನವರಿಗೆ ಮಿಷನರಿ ಅಂದರೆ ಇನ್ನೂ ಗಡ್ಡದ ಬಿಳಿ ಮನುಷ್ಯನೇ. ಹೆಂಚಿನ ಕಾರ್ಖಾನೆ ಕಟ್ಟಿದವರು, 1843ರಲ್ಲಿ ಕನ್ನಡಕ್ಕೆ ಪತ್ರಿಕೆ ತಂದ ಮೊಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್. ಅವರ ಸಾಲಿನಲ್ಲಿ ನಿಲ್ಲಿಸಿದರೆ ನಿವೃತ್ತ ಕ್ಲಾರ್ಕ್ ಯಾವ ಮೂಲೆ? ಇವರೂ ಬರೆಯುತ್ತಾರೆ, ಇಲ್ಲ ಅಂತಲ್ಲ. ಬರೆಯುವುದೆಲ್ಲ ಅರ್ಜಿ.

ಯಾರಾದರೂ ಒಬ್ಬರು, "ಅಲ್ಲಿಯವರಿಗೆ ನೀವು ಯಾಕೆ ಬೇಕು?" ಅಂತ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು. ಸ್ವಲ್ಪ ಖಾರದ ಪ್ರಶ್ನೆ ನಿಜ. ಆದರೆ ಅದಕ್ಕೆ ನನ್ನ ಹತ್ತಿರ ಉತ್ತರ ಇದೆ.

ನವೆಂಬರ್ ತಿಂಗಳು ಬಂತೆಂದರೆ ಪಿಂಚಣಿಯವರು ತಾವು ಬದುಕಿದ್ದೇವೆ ಅಂತ ಸಾಬೀತು ಮಾಡಬೇಕು. ಗೊತ್ತಲ್ಲ, ಬೆರಳಿಡುವ ಮೆಷಿನ್. ನಮ್ಮ ಸಭೆಯಲ್ಲಿ ಒಬ್ಬ ಅಜ್ಜ ಇದ್ದಾರೆ, ಅರಣ್ಯ ಇಲಾಖೆಯಲ್ಲಿ ಮಜೂರಿ ಮಾಡಿದವರು. ಪಡೌಕ್ ಮರ ಕಡಿಯುವುದು, ದಿಮ್ಮಿಗೆ ಸರಪಳಿ ಹಾಕುವುದು, ಆನೆಯಿಂದ ಎಳೆಸುವುದು. ಇಡೀ ಆಯುಷ್ಯ ಅದೇ. ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಪಾಸ್‌ಬುಕ್, ರೇಷನ್ ಕಾರ್ಡ್, ಮಡಿಕೆಯಲ್ಲಿ ಹರಿದ ಸಂಬಳದ ಚೀಟಿ, ಜೊತೆಗೆ ಆನೆಯ ಪಕ್ಕ ನಿಂತ ಒಂದು ಫೋಟೋ ಇಟ್ಟುಕೊಂಡು ಬರುತ್ತಾರೆ. ಮೆಷಿನ್ ಅವರ ಬೆರಳನ್ನು ಒಪ್ಪುವುದಿಲ್ಲ. ಹೆಬ್ಬೆರಳು ಇಟ್ಟರೆ ಕೆಂಪು ದೀಪ. ತೋರುಬೆರಳು, ಕೆಂಪು ದೀಪ. ಸರಪಳಿ ಎಳೆದು ಎಳೆದು ಬೆರಳ ತುದಿಯಲ್ಲಿ ಗೆರೆಯೇ ಉಳಿದಿಲ್ಲ. ಮನುಷ್ಯ ಎದುರಿಗೆ ಕೂತು ಬೀಡಿ ಹುಡುಕುತ್ತಿದ್ದಾರೆ, ಮೆಷಿನ್ ಇಲ್ಲ ಅನ್ನುತ್ತದೆ.

ಆಗ ನಮ್ಮ ಮಿಷನರಿ ಸೇವೆ ಶುರು. ನಾನು ಉಗುರುಬೆಚ್ಚಗಿನ ನೀರಿನಲ್ಲಿ ಅವರ ಕೈ ಮುಳುಗಿಸಿ ಇಡುತ್ತೇನೆ. ಚರ್ಮ ಮೆತ್ತಗಾದ ಮೇಲೆ ಒರೆಸಿ, ಚೂರು ವ್ಯಾಸಲಿನ್ ತಿಕ್ಕಿ, ಮತ್ತೆ ಒರೆಸಿ, ಒಂದೊಂದೇ ಬೆರಳು ಇಡಿಸುವುದು. ಉಂಗುರ ಬೆರಳು ಕೆಲವೊಮ್ಮೆ ಕೈ ಹಿಡಿಯುತ್ತದೆ, ಆ ಬೆರಳಿಗೆ ದುಡಿಮೆ ಕಡಿಮೆ ಇರಬೇಕು. ಆಗದಿದ್ದರೆ ಇವರು ಕಾಗದದ ಮೇಲೆ ಬರೆದು, ಅಜ್ಜನನ್ನು ಕರೆದುಕೊಂಡು ಹೋಗಿ, ಕೌಂಟರಿನ ಹುಡುಗನಿಗೆ ಬ್ಯಾಂಕಿನ ಭಾಷೆಯಲ್ಲೇ ನಿಯಮ ಹೇಳಿ, ಸಹಿ ಹಾಕಿಸಿಕೊಂಡು ಬರುತ್ತಾರೆ. ಆ ಹುಡುಗನಿಗೆ ಇವರನ್ನು ಕಂಡರೆ ಆಗುವುದಿಲ್ಲ. ಇವರಿಗೆ ಅದು ಬಹಳ ಖುಷಿ.

ಅಜ್ಜನ ಮಕ್ಕಳಿಗೆ ಅಪ್ಪನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಕಾಡಿನ ಕೆಲಸ ನಿಂತುಹೋಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ಮರ ಕಡಿಯುವುದಕ್ಕೆ ಕಡಿವಾಣ ಹಾಕಿತು. ಕಾಡಿಗೆ ಅದು ಒಳ್ಳೆಯದೇ ಆಯಿತು, ಕೊಡಲಿ ಹಿಡಿದವರಿಗೆ ಮಾತ್ರ ಬೇರೆ ದಾರಿ ಬೇಕಾಯಿತು. ಹುಡುಗರು ಪೋರ್ಟ್ ಬ್ಲೇರಿಗೆ ಹೋದರು, ಮೇಸ್ತ್ರಿ ಕೆಲಸ, ಹೋಟೆಲು ಕೆಲಸ. ಅಪ್ಪನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಲು ಒಂದು ದಿನ ಬರಬೇಕಾದರೆ ಕಾನ್ವಾಯ್, ಫೆರಿ, ಎರಡು ದಿನದ ಸಂಬಳ. ನಮಗೆ ಪಿಂಚಣಿ ಇದೆ, ಕಾಯಲು ಹೊತ್ತಿದೆ. ನಾವು ಬೇಕಾದದ್ದು ಅದಕ್ಕೆ.

ಇನ್ನೊಂದು ವಿಷಯ ನನಗೆ ಈಗಲೂ ಸಿಟ್ಟು ಬರಿಸುತ್ತದೆ. ಇದೇ ಒರಾಂವ್, ಮುಂಡಾ ಜನ ಜಾರ್ಖಂಡಿನಲ್ಲಿದ್ದರೆ ಪರಿಶಿಷ್ಟ ಪಂಗಡ. ಅಂಡಮಾನಿನಲ್ಲಿ ಅಲ್ಲ, ಅಲ್ಲಿಯ ಪಟ್ಟಿಯಲ್ಲಿ ಇರುವುದು ಅಲ್ಲಿಯದೇ ಆರು ಬುಡಕಟ್ಟುಗಳು. ಸರಿ, ಅವರಿಗೆ ಸಿಗಲೇಬೇಕು. ಆದರೆ ನಾಲ್ಕು ತಲೆಮಾರು ಕಾಡು ಕಡಿದು, ರಸ್ತೆ ಮಾಡಿ, ಕಾಡಂಚಿನಲ್ಲೇ ಗುಡಿಸಲು ಹಾಕಿಕೊಂಡವರ ಎಷ್ಟೋ ಮನೆಗಳಿಗೆ ಇವತ್ತಿಗೂ ಜಾಗದ ಪತ್ರ ಇಲ್ಲ. ಇವರು ಬರೆಯುವ ಅರ್ಜಿಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಉತ್ತರ ಬರುತ್ತದೆಯಾ ಅಂತ ಕೇಳಬೇಡಿ. ಇವರು ಪ್ರತಿಯೊಂದರ ನಕಲು ಇಟ್ಟುಕೊಂಡಿದ್ದಾರೆ, ಕಪಾಟು ತುಂಬಿದೆ.

ಮಧ್ಯಾಹ್ನ ಊಟ, ನಿದ್ದೆ. ಹೌದು, ಮಿಷನರಿಗಳೂ ಮಲಗುತ್ತಾರೆ. ಮೀನು ಧಾರಾಳ, ತೆಂಗಿನಕಾಯಿ ಧಾರಾಳ. ಈರುಳ್ಳಿ, ಬಟಾಟೆ ಮಾತ್ರ ಹಡಗಿನಲ್ಲಿ ಬರಬೇಕು, ಹಡಗು ತಡವಾದರೆ ಸಾರಿಗೆ ಬರೀ ಬೆಳ್ಳುಳ್ಳಿ ಒಗ್ಗರಣೆ. ಸಂಜೆ ಮಕ್ಕಳು ಲೆಕ್ಕ ಕಲಿಯಲು ಬರುತ್ತಾರೆ. ಕೆಲವು ಹೆಂಗಸರು ಬಿಪಿ ನೋಡಿಸಲು ಬಂದು, ಗಂಡಂದಿರು ಕುಡಿಯುವ ಹಂಡಿಯಾದ, ಅಂದರೆ ಅಕ್ಕಿ ಹೆಂಡದ, ದೂರು ಹೇಳಿ, ತಾವು ಕುಡಿದದ್ದನ್ನು ಹೇಳದೆ ಹೋಗುತ್ತಾರೆ. ಬಿಪಿ ಎಲ್ಲ ಹೇಳುತ್ತದೆ.

"ಇಬ್ಬರೇ ಇದ್ದು ಬೇಸರ ಬರುವುದಿಲ್ವಾ?" ಅಂತಲೂ ಕೇಳುತ್ತಾರೆ. ಬರುತ್ತದೆ. ಮಳೆಗಾಲದಲ್ಲಿ ನಾಲ್ಕು ದಿನ ಬಿಡದೆ ಸುರಿದು, ಕರೆಂಟ್ ಹೋಗಿ, ಇವರು ಅದೇ ಬ್ಯಾಂಕಿನ ಕತೆ ಮತ್ತೆ ಶುರು ಮಾಡಿದಾಗ ಚೆನ್ನಾಗಿಯೇ ಬರುತ್ತದೆ. ಊರಿನಲ್ಲಿದ್ದರೂ ಬರುತ್ತಿತ್ತು.

ಯಾವಾಗ ವಾಪಸ್ ಹೋಗುವುದು ಅಂತ ಕೇಳುವವರಿಗೆ: ಅಕ್ಟೋಬರ್ ಕೊನೆಗೆ ಟಿಕೆಟ್ ಆಗಿದೆ. ನವೆಂಬರಿಗೆ ಅಲ್ಲಿರಬೇಕು. ಯಾರಾದರೂ ಏನಾದರೂ ಕಳಿಸುವುದಿದ್ದರೆ ಹಳೆ ಸೀರೆ ಬೇಡ, ಸಾಕಷ್ಟಿದೆ. ಬಿಪಿ ಮೆಷಿನ್ನಿನ ಬ್ಯಾಟರಿ, ನೋಟುಬುಕ್ಕು, ನನಗೆ ಐದು ಕಿಲೋ ಕುಚ್ಚಲಕ್ಕಿ. ಮೀನು ಸಾರಿಗೆ ಅಲ್ಲಿಯ ಬಿಳಿ ಅಕ್ಕಿ ಹೊಂದುವುದೇ ಇಲ್ಲ.