ಬಚ್ಚಲ ಒಲೆ ಮೇಲೆ ವೈರು ಎಳೀಬೇಡಿ

ನಾನು ತೀರ್ಥಹಳ್ಳಿ ಸುತ್ತಮುತ್ತ ಮನೆ, ಕೊಟ್ಟಿಗೆ, ತೋಟದ ಮೋಟರಿನ ವೈರಿಂಗ್ ಕೆಲಸ ಮಾಡುತ್ತೇನೆ. ಅಡಿಕೆ ಸುಗ್ಗಿ ಹೊತ್ತಿಗೆ ಬರುವ ಫೋನುಗಳಲ್ಲಿ ಬಹಳಷ್ಟು ಒಂದೇ ತರಹ. ಬಚ್ಚಲ ಲೈಟು ಮಿಣಮಿಣ ಅಂತಿದೆ, ಸುಲಿಯುವ ಮಿಷನ್ ಹಾಕಿದ ಕೂಡಲೇ ಫ್ಯೂಸ್ ಹೋಗ್ತಿದೆ. ಹೋಗಿ ನೋಡಿದರೆ ಸ್ವಿಚ್ಚು, ಬೋರ್ಡು ಎಲ್ಲ ಸರಿ ಇರುತ್ತದೆ. ವೈರು ಬೆಂದಿರುತ್ತದೆ.

ನಮ್ಮ ಕಡೆ ಬಚ್ಚಲ ಒಲೆಗೆ ರಜೆ ಇಲ್ಲ. ಮಳೆಗಾಲದಲ್ಲಂತೂ ದಿನವಿಡೀ ಕೆಂಡ ಇರುತ್ತದೆ. ಅದರ ಮೇಲಿನ ಜಂತಿಗೇ ಕ್ಲಿಪ್ ಹೊಡೆದು ವೈರು ಎಳೆದಿರುತ್ತಾರೆ. ಮೇನ್ ಆಫ್ ಮಾಡಿ ಆ ವೈರನ್ನು ಸ್ವಲ್ಪ ಬಗ್ಗಿಸಿದರೆ ಸಾಕು, ಮೇಲಿನ ಪ್ಲಾಸ್ಟಿಕ್ ಚಟ್ ಅಂತ ಒಡೆದು ತಾಮ್ರ ಕಾಣುತ್ತದೆ.

ಯಾಕೆ ಹೀಗಾಗುತ್ತದೆ ಅಂದರೆ, ವೈರಿನ ಮೇಲಿನ ಹೊದಿಕೆ ಪಿವಿಸಿ, ಅದು ಮೂಲದಲ್ಲಿ ಗಟ್ಟಿ ಪ್ಲಾಸ್ಟಿಕ್. ತೋಟಕ್ಕೆ ಹಾಕುವ ನೀರಿನ ಪೈಪೂ ಅದೇ ಅಲ್ವಾ? ವೈರಿಗೆ ಬೇಕಾದಾಗ ಎಣ್ಣೆಯಂಥ ಪ್ಲಾಸ್ಟಿಸೈಜರ್ ಬೆರೆಸಿ ಮೆತ್ತಗೆ ಮಾಡುತ್ತಾರೆ. ಬಿಸಿ ತಾಗುತ್ತಲೇ ಇದ್ದರೆ ಆ ಎಣ್ಣೆ ಮೆಲ್ಲಗೆ ಆರಿಹೋಗುತ್ತದೆ. ಆಮೇಲೆ ಉಳಿಯುವುದು ಪೈಪಿನಂಥ ಗಟ್ಟಿ ಸಿಪ್ಪೆ ಮಾತ್ರ.

ಸಾಮಾನ್ಯ ಪಿವಿಸಿ ವೈರಿನ ತಾಮ್ರ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗಬಹುದು. ಇದರಲ್ಲಿ ಹೊರಗಿನ ಬಿಸಿಯೂ ಸೇರಿದೆ, ಇದನ್ನೇ ಜನ ಮರೆಯುವುದು. ಸುತ್ತಲಿನ ಗಾಳಿ 40 ಇದ್ದರೆ ಕರೆಂಟಿನ ಬಿಸಿಗೆ 30 ಡಿಗ್ರಿ ಜಾಗ ಉಳಿಯಿತು. ಏಪ್ರಿಲ್ ಮಧ್ಯಾಹ್ನ ಕೊಟ್ಟಿಗೆಯ ಚಾವಣಿ ಸೀಟಿನ ಕೆಳಗೆ 55 ಆಯಿತು ಅಂತ ಇಟ್ಟುಕೊಳ್ಳಿ. ಉಳಿಯುವುದು 15 ಮಾತ್ರ. ವೈರಿನೊಳಗಿನ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ (ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು) ಏರುವುದರಿಂದ, 40 ಡಿಗ್ರಿಯಲ್ಲಿ 20 ಆಂಪಿಯರ್ ತಡೆಯುವ ವೈರು ಅಲ್ಲಿ ಸುಮಾರು 14 ಮಾತ್ರ ತಡೆಯುತ್ತದೆ. ಅದಕ್ಕೇ ಸೀಟಿನ ಕೆಳಗಿನ ಮೋಟರಿಗೆ 2.5 ಬದಲು 4 ಸ್ಕ್ವೇರ್ ಎಂಎಂ ದಪ್ಪದ ವೈರು ಹಾಕಿ ಅಂತ ನಾನು ಹಟ ಹಿಡಿಯುವುದು. ದುಡ್ಡು ಜಾಸ್ತಿ ಅಂತ ಗೊಣಗಿದರೂ ನಾನು ಬಿಡುವುದಿಲ್ಲ.

ಸಂಜೆ ಎಲ್ಲರ ಮೋಟರೂ ಓಡುವಾಗ ವೋಲ್ಟೇಜ್ ಬೀಳುತ್ತದೆ. ಆಗ ಮೋಟರು ಅಷ್ಟೇ ಕೆಲಸಕ್ಕೆ ಹೆಚ್ಚು ಕರೆಂಟ್ ಎಳೆಯುತ್ತದೆ. ಕರೆಂಟ್ ಕಾಲು ಭಾಗ ಏರಿದರೆ ವೈರಿನೊಳಗೆ ಹುಟ್ಟುವ ಬಿಸಿ ಒಂದೂವರೆ ಪಟ್ಟು ಆಗುತ್ತದೆ. ತಾಮ್ರ 10 ಡಿಗ್ರಿ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಕೂಡ ಸುಮಾರು 4 ಶೇಕಡಾ ಏರುತ್ತದೆ, ಅಂದರೆ ಇನ್ನಷ್ಟು ಬಿಸಿ. ಮಿಕ್ಕ ಕೇಬಲ್ಲನ್ನು ಸಿಂಬೆ ಸುತ್ತಿ ಮೂಲೆಗೆ ಇಟ್ಟಿದ್ದರಂತೂ ಒಳಗಿನ ಸುತ್ತುಗಳ ಬಿಸಿಗೆ ಹೊರಬರಲು ದಾರಿಯೇ ಇಲ್ಲ. ದಯವಿಟ್ಟು ಅದನ್ನು ಬಿಚ್ಚಿ ಹರಡಿ.

ಚಳಿಯದ್ದು ನಮ್ಮಲ್ಲಿ ಅಂಥ ದೊಡ್ಡ ಕಾಟವಲ್ಲ. ಡಿಸೆಂಬರ್ ಬೆಳಿಗ್ಗೆ ವೈರು ಬಿರುಸಾಗಿರುತ್ತದೆ, ಪೈಪಿನೊಳಗೆ ಎಳೆಯಲು ಕಷ್ಟ. ಸುರುಳಿಯನ್ನು ಸ್ವಲ್ಪ ಹೊತ್ತು ಎಳೆಬಿಸಿಲಿಗೆ ಇಟ್ಟರೆ ಸರಿಹೋಗುತ್ತದೆ. ಕಂಬದಿಂದ ಮನೆಗೆ ಬರುವ ಅಲ್ಯೂಮಿನಿಯಂ ತಂತಿಯನ್ನು ಮಾತ್ರ ಬೇಸಿಗೆಯಲ್ಲಿ ತೀರಾ ಬಿಗಿ ಮಾಡಬಾರದು. 50 ಮೀಟರ್ ತಂತಿ 20 ಡಿಗ್ರಿ ತಣ್ಣಗಾದರೆ 2 ಸೆಂಟಿಮೀಟರಿಗಿಂತ ಜಾಸ್ತಿ ಕುಗ್ಗುತ್ತದೆ, ಆಗ ಎಳೆತವೆಲ್ಲ ಕ್ಲಾಂಪಿನ ಮೇಲೆ ಬೀಳುತ್ತದೆ.

ಬಿಸಿ ತಡೆಯುವ ವೈರು ಇಲ್ಲವೇ ಅಂತ ಕೇಳುತ್ತಾರೆ. ಇದೆ. ಎಚ್‌ಆರ್ ಪಿವಿಸಿ 85 ಡಿಗ್ರಿವರೆಗೆ, ಎಕ್ಸ್‌ಎಲ್‌ಪಿಇ ಅನ್ನುವ ಬೇರೆ ಪ್ಲಾಸ್ಟಿಕ್ಕಿನದು 90ರವರೆಗೆ. ಸೀಟಿನ ಕೊಟ್ಟಿಗೆಗೆ ಇವು ಒಳ್ಳೆಯದು. ಆದರೆ ಬಚ್ಚಲ ಒಲೆಗಾಗಲಿ ಅಡಿಕೆ ಬೇಯಿಸುವ ಹಂಡೆಗಾಗಲಿ ಇವೂ ಉತ್ತರವಲ್ಲ. ಅಲ್ಲಿ ವೈರಿನ ದಾರಿಯನ್ನೇ ಬದಲಿಸಬೇಕು. ಹೊಸ ಮನೆಯವರು ನಕ್ಷೆ ತೋರಿಸಿದರೆ ನಾನು ಮೊದಲು ಒಲೆ ಎಲ್ಲಿ ಬರುತ್ತದೆ ಅಂತ ಕೇಳುತ್ತೇನೆ. ಬಚ್ಚಲ ಲೈಟಿನ ಪೈಪು ಎದುರುಗಡೆ ಗೋಡೆಯಲ್ಲೇ ಇಳಿಯಬೇಕು. ಹಳೇ ಮನೆಯವರು ಹಂಡೆಗೆ ಬೆಂಕಿ ಹಾಕುವ ಮೊದಲು ಒಮ್ಮೆ ಟಾರ್ಚು ಬಿಟ್ಟು ಜಂತಿ ನೋಡಿ. ಮಸಿ ಕೆಳಗೆ ವೈರು ಕಂಡರೆ ಅದನ್ನು ತೆಗೆಸಿ, ಆಮೇಲೆ ಸುಗ್ಗಿ ಶುರು ಮಾಡಿ.